ಕ್ಲಿನಿಕ್ಕಿನ ಕರಿ ನೆಲ

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಅಡುಗೆಮನೆಯ ನೆಲದ ಮೇಲೆ ಹದಿನಾಲ್ಕು ಜಾಡಿಗಳಿದ್ದವು. ಟೀ ಇನ್ನೂ ಆಗಿರಲಿಲ್ಲ.

ಮೇಸ್ತ್ರಿ ಬಾಗಿಲಲ್ಲೇ ನಿಂತ. ಒಲೆಯ ತನಕ ಹೋಗಬೇಕಾದರೆ ಜಾಡಿಗಳ ನಡುವೆ ಕುಂಟಾಬಿಲ್ಲೆ ಆಡಬೇಕು. ಅರವತ್ತಾರು ವರ್ಷದ ಮಂಡಿ ಅದಕ್ಕೆ ಒಪ್ಪದು. ಒಂದೊಂದು ಜಾಡಿಯಲ್ಲೂ ಕಿತ್ತಳೆ ಸಿಪ್ಪೆ, ನಿಂಬೆ ಸಿಪ್ಪೆ ಒತ್ತಿ ತುಂಬಿ, ಮುಳುಗುವಷ್ಟು ವಿನೆಗರ್ ಹೊಯ್ದಿತ್ತು. ಸೊಸೆ ನೆಲದ ಮೇಲೆ ಕೂತು ಹಳೆಯ ತೆಳು ಬಟ್ಟೆಯಲ್ಲಿ ಒಂದನ್ನು ಸೋಸುತ್ತಿದ್ದಳು.

“ಟೀ?” ಅಂದ ಮೇಸ್ತ್ರಿ.

“ಎರಡೇ ನಿಮಿಷ, ಮಾವ. ಇದೊಂದು ಇಳಿದ್ರೆ ಆಯ್ತು.”

“ನಿನ್ನೆನೂ ಎರಡೇ ನಿಮಿಷ ಅಂದಿದ್ಲು. ಆ ಎರಡು ನಿಮಿಷ ಇನ್ನೂ ಮುಗಿದಿಲ್ಲ,” ಒಳಗಿನ ಕೋಣೆಯಿಂದ ಮೇಸ್ತ್ರಿಯ ಹೆಂಡತಿ ಕೂಗಿದಳು.

ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಮಗ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದ. “ಇದೇನು ಮನೆನೋ ಉಪ್ಪಿನಕಾಯಿ ಕಾರ್ಖಾನೆನೋ? ನನ್ನ ಅಂಗಿ ಎಲ್ಲ ಹುಳಿ ವಾಸನೆ. ನಿನ್ನೆ ಅಂಗಡಿಯಲ್ಲಿ ಯಜಮಾನರು ಕೇಳಿದ್ರು, ವ್ಯಾನಲ್ಲಿ ಟೈಲ್ಸ್ ಸಾಗಿಸ್ತೀಯೋ ಕಿತ್ತಳೆ ಹಣ್ಣು ಮಾರ್ತೀಯೋ ಅಂತ.”

“ಕಿತ್ತಳೆ ಅಂದ್ರಲ್ಲ, ಕೊಳೆತ ಮೀನು ಅನ್ನಲಿಲ್ವಲ್ಲ. ಖುಷಿಪಡಿ,” ಅಂದಳು ಸೊಸೆ, ತಲೆ ಎತ್ತದೆ.

ಇದೆಲ್ಲ ಶುರುವಾಗಿದ್ದು ಐದು ತಿಂಗಳ ಹಿಂದೆ, ಮೇಸ್ತ್ರಿಯ ಹೆಂಡತಿಯ ಉಬ್ಬಸದಿಂದ. ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, ಮನೆಯ ನೆಲಕ್ಕೆ ಏನು ಹಾಕುತ್ತೀರಿ ಎಂದು ವಿಚಾರಿಸಿದರು. ಅವಳು ಮೂರು ಬಾಟಲಿಗಳ ಹೆಸರನ್ನು ಹೆಮ್ಮೆಯಿಂದಲೇ ಹೇಳಿದಳು. ಮೂರನ್ನೂ ಇವತ್ತೇ ಹೊರಗೆ ಹಾಕಿ ಅಂದರು ಡಾಕ್ಟರು. “ಕಣ್ಣಲ್ಲಿ ನೀರು ಬರಿಸದೆ ಇರೋದು ಅದೆಂಥ ಕ್ಲೀನು?” ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು.

ಸೊಸೆ ಹನ್ನೆರಡು ಮಹಡಿಯ ಕಚೇರಿ ಕಟ್ಟಡವೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಅಲ್ಲಿ ದಿನಾ ಎರಡು ಬುಟ್ಟಿ ಹಣ್ಣಿನ ರಸ ಹಿಂಡುತ್ತಾರೆ. ಸಿಪ್ಪೆ ಕಸಕ್ಕೆ ಹೋಗುತ್ತದೆ. ಅವಳು ಅದನ್ನು ಮನೆಗೆ ತಂದಳು. ಎರಡು ವಾರ ವಿನೆಗರಿನಲ್ಲಿ ನೆನೆಸಿ, ಸೋಸಿ, ಅಷ್ಟೇ ನೀರು ಬೆರೆಸಿದರೆ ನೆಲಕ್ಕೆ. ಅಡುಗೆ ಸೋಡಾ ಉದುರಿಸಿ ಅರ್ಧ ನಿಂಬೆಹಣ್ಣಿನಿಂದ ಉಜ್ಜಿದರೆ ಸಿಂಕಿಗೆ. ಉಪ್ಪು, ನಿಂಬೆ ಸೇರಿಸಿದರೆ ಹಿತ್ತಾಳೆ ನಲ್ಲಿಗೆ. ಅತ್ತೆಯ ಉಬ್ಬಸ ತಿಂಗಳೊಳಗೆ ಅರ್ಧಕ್ಕೆ ಇಳಿಯಿತು. “ಹವಾ ಬದಲಾಗಿದೆ, ಅದಕ್ಕೆ,” ಅಂದಳು ಅತ್ತೆ. ಆದರೆ ಪಕ್ಕದ ಮನೆಯವಳಿಗೆ ಒಂದು ಬಾಟಲಿ ಕೊಟ್ಟವಳೂ ಅವಳೇ. ಅಲ್ಲಿಂದ ಒಂದು ಎರಡಾಗಿ, ಎರಡು ಹತ್ತಾಗಿ, ಈಗ ಹದಿನೇಳು ಮನೆಗೆ ಬಾಟಲಿ ಹೋಗುತ್ತಿತ್ತು.

ಸೊಸೆ ಹೇಗೆಂದರೆ ಹಾಗೆ ಮಾಡುವವಳಲ್ಲ. ಮೊದಲ ಬಾಟಲಿ ಮಾರುವ ಮುಂಚೆ ಮಾವನ ಹತ್ತಿರ ಬಂದು ಕೂತಿದ್ದಳು. ಮೇಸ್ತ್ರಿ ನಲವತ್ತೊಂದು ವರ್ಷ ಕಲ್ಲಿನ ನೆಲ ಪಾಲಿಶ್ ಮಾಡಿದವನು. ಮಂಡಿ ಕೈಕೊಟ್ಟು ಹೋದ ವರ್ಷ ಮನೆ ಸೇರಿದ್ದ. ಅವನ ಹತ್ತಿರ ಒಂದು ತಗಡಿನ ಡಬ್ಬಿ ತುಂಬ ಕಲ್ಲಿನ ಚೂರುಗಳಿದ್ದವು. “ಯಾವ ಕಲ್ಲು ತಡೆಯತ್ತೆ, ಯಾವುದು ತಡೆಯಲ್ಲ ಹೇಳಿ ಮಾವ,” ಅಂದಳು. ಇಬ್ಬರೂ ಒಂದು ಭಾನುವಾರವಿಡೀ ಕೂತು ಒಂದೊಂದು ಚೂರಿನ ಮೇಲೂ ವಿನೆಗರ್ ಬಿಟ್ಟರು. ಮಾರ್ಬಲ್ ಗುಳ್ಳೆ ಎಬ್ಬಿಸಿ ಮಂಕಾಯಿತು. ಗ್ರಾನೈಟು ಕನ್ನಡಿಯ ಹಾಗೇ ಇತ್ತು. “ಸುಣ್ಣ ಇರೋ ಕಲ್ಲು ಯಾವುದೂ ಹುಳಿ ತಡೆಯಲ್ಲ ಕಣಮ್ಮ. ಗ್ರಾನೈಟಿಗೆ ಏನೂ ಆಗಲ್ಲ. ಕಣ್ಣು ಮುಚ್ಕೊಂಡು ಕೊಡು,” ಅಂದಿದ್ದ ಮೇಸ್ತ್ರಿ. ಅವಳು ಹಾಗೇ ಚೀಟಿಯಲ್ಲಿ ಬರೆದು ಬಾಟಲಿಗಳಿಗೆ ಅಂಟಿಸಿದ್ದಳು. ಆ ಭಾನುವಾರ ಮೇಸ್ತ್ರಿಯ ಮಂಡಿ ನೋಯಲಿಲ್ಲ.

ಜಾಡಿಗಳು ಅಡುಗೆಮನೆ ತುಂಬಿದ್ದ ಈ ಸೋಮವಾರ ಸಂಜೆ ಊಟಕ್ಕೆ ಕೂತಾಗ ಸೊಸೆಯ ಮುಖ ಅರಳಿತ್ತು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ತಾನೇ ಬಡಿಸುತ್ತ ಅಂದಳು:

“ಮೂಲೆಯ ಹಲ್ಲಿನ ಕ್ಲಿನಿಕ್ಕಿನವರು ಕೇಳಿದಾರೆ. ಹದಿನೈದು ದಿನಕ್ಕೆ ಹತ್ತು ಲೀಟರು. ಔಷಧಿ ವಾಸನೆಗೆ ಮಕ್ಕಳು ಬಾಗಿಲಲ್ಲೇ ಬಾಯಿ ಬಿಗಿ ಹಿಡೀತಾವಂತೆ. ಕಿತ್ತಳೆ ವಾಸನೆ ಆದ್ರೆ ತಾವಾಗೇ ತೆಗೀತಾವೆ ಅಂತ ಡಾಕ್ಟರಮ್ಮನ ಲೆಕ್ಕ.”

“ತೆಗೆದ ಮೇಲೆ ಕಿತ್ಕೊಳ್ಳೋದು ಹಲ್ಲು ತಾನೆ?” ಅಂದಳು ಅತ್ತೆ.

“ಇದೊಂದು ನಿಂತ್ರೆ ಭಾನುವಾರದ ಡ್ಯೂಟಿ ಬಿಡ್ತೀನಿ, ಅತ್ತೆ. ಇನ್ನೊಂದು ಕ್ಲಿನಿಕ್ ಸಿಕ್ರೆ ಕ್ಯಾಂಟೀನೇ ಬಿಟ್ರೂ ಆದೀತು.” ಅವಳು ಮಾವನ ಕಡೆ ತಿರುಗಿದಳು. “ನೆಲ ಯಾವುದು ಅಂತ ಕೇಳಿದೆ. ಕರಿ ಗ್ರಾನೈಟು ಅಂದ್ರು. ಅದನ್ನ ಪಾಲಿಶ್ ಮಾಡಿದ್ದು ನೀವೇ ಅಂತಲ್ಲ ಮಾವ?”

ಮೇಸ್ತ್ರಿಯ ಕೈ ತಟ್ಟೆಯಲ್ಲೇ ನಿಂತಿತು. “ಹೂಂ. ಹನ್ನೊಂದು ವರ್ಷ ಆಯ್ತು.”

“ಗ್ರಾನೈಟ್ ತಾನೆ?”

ಮಗ ಎದುರಿಗೆ ಕೂತು ಆಲೂಗಡ್ಡೆ ಮುರಿಯುತ್ತಿದ್ದ. ಮೇಸ್ತ್ರಿ ಅವನನ್ನು ನೋಡಿದ, ಆಮೇಲೆ ತಟ್ಟೆಯನ್ನು ನೋಡಿದ.

“ಬಿಲ್ಲಲ್ಲಿ ಹಾಗೇ ಇದೆ,” ಅಂದ.

ಬಿಲ್ಲಿನಲ್ಲಿ ಇದ್ದದ್ದು ನಿಜ. ನೆಲದಲ್ಲಿ ಇರಲಿಲ್ಲ. ಆ ಕೆಲಸ ಮಾಡಿಸಿದ ಕಂಟ್ರಾಕ್ಟರು ಕರಿ ಗ್ರಾನೈಟಿನ ದುಡ್ಡು ತೆಗೆದುಕೊಂಡು ಕರಿ ಸುಣ್ಣಕಲ್ಲು ಹಾಸಿದ್ದ. ಎಣ್ಣೆ, ಮೇಣ ಹಾಕಿ ಚೆನ್ನಾಗಿ ಉಜ್ಜಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಕಲ್ಲಿನವರಿಗೆ ಮಾತ್ರ. ಮೇಸ್ತ್ರಿ ಮೊದಲ ದಿನವೇ ಕಂಡುಹಿಡಿದಿದ್ದ. “ನಿನ್ನ ಕೆಲಸ ಉಜ್ಜೋದು ಮೇಸ್ತ್ರಿ, ಉಜ್ಜು,” ಅಂದಿದ್ದ ಕಂಟ್ರಾಕ್ಟರು. ಮೇಸ್ತ್ರಿ ಉಜ್ಜಿದ. ಕೂಲಿ ಮಾಮೂಲಿನದೇ, ಮೇಲೆ ಒಂದು ಬಿಡಿಕಾಸೂ ಮುಟ್ಟಲಿಲ್ಲ. ಆದರೆ ಬಾಯಿಯನ್ನೂ ಬಿಡಲಿಲ್ಲ. ಆ ಕಂಟ್ರಾಕ್ಟರಿಗೆ ಈಗ ಟೈಲ್ಸ್ ಅಂಗಡಿಯಿದೆ. ಮೂರು ವರ್ಷದ ಹಿಂದೆ ಮಗ ಕೆಲಸ ಕಳೆದುಕೊಂಡು ಏಳು ತಿಂಗಳು ಮನೆಯಲ್ಲಿ ಕೂತಿದ್ದಾಗ, ಕರೆದು ವ್ಯಾನಿನ ಕೀಲಿ ಕೊಟ್ಟವನು ಅವನೇ.

ಮರುದಿನದಿಂದ ಮೇಸ್ತ್ರಿ ಕಾಲು ಸುಟ್ಟ ಬೆಕ್ಕಾದ. ಬೆಳಿಗ್ಗೆ ಹಾಲು ತರಲು ಹೋದವನು ಹಾಲು ಬಿಟ್ಟು ಬಂದ. ಮಧ್ಯಾಹ್ನ ಮಲಗಿದಲ್ಲಿಂದ ಎದ್ದು ಕಿಟಕಿ ತೆಗೆದ, ಮುಚ್ಚಿದ, ಮತ್ತೆ ತೆಗೆದ. ದಿನಕ್ಕೆ ಮೂರು ಸಲ ಕ್ಲಿನಿಕ್ಕಿನ ಮುಂದೆ ನಡೆದು, ಗಾಜಿನ ಬಾಗಿಲಿನಿಂದ ನೆಲ ನೋಡಿದ. ಕ್ಲಿನಿಕ್ಕಿನ ಆಯಾ ಒಂದು ದಿನ ಬಾಗಿಲು ತೆಗೆದು ಕೇಳಿದಳು:

“ಏನ್ ಯಜಮಾನ್ರೇ, ಹಲ್ಲು ನೋವಾ? ಹೆದರಬೇಡಿ ಬನ್ನಿ. ಚುಚ್ಚೋದು ಒಂದೇ ಸಲ.”

“ಇಲ್ಲಮ್ಮ. ಬಿಸಿಲು ಅಂತ ನಿಂತೆ.”

“ಬಿಸಿಲು ಎದುರು ಬದೀಲಿ ಇದ್ಯಲ್ಲ? ಇಲ್ಲಿ ನೆರಳು.”

ಮೇಸ್ತ್ರಿ ಎದುರು ಬದಿಗೆ ಹೋಗಿ ಬಿಸಿಲಲ್ಲಿ ನಿಂತ.

ಗುರುವಾರ ಅವನಿಗೆ ಒಂದು ದಾರಿ ಹೊಳೆಯಿತು. ಸೊಸೆ ಕ್ಲಿನಿಕ್ಕಿನ ಎರಡು ಕ್ಯಾನು ತುಂಬಿ ಬಾಗಿಲ ಬಳಿ ಇಟ್ಟು, ಆರೂವರೆಗೆ ಕ್ಯಾಂಟೀನಿಗೆ ಹೊರಟುಹೋದಳು. ಆಯಾ ಬಂದು ಒಯ್ಯುವುದು ಒಂಬತ್ತಕ್ಕೆ. ಮಗ ಎಂಟಕ್ಕೆ ಹೊರಟ. ಹೆಂಡತಿ ಸ್ನಾನ ಮುಗಿಸಿ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಮೇಸ್ತ್ರಿ ಕ್ಯಾನುಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಮುಕ್ಕಾಲು ಪಾಲು ಚೆಲ್ಲಿ, ಅಷ್ಟು ನಲ್ಲಿ ನೀರು ತುಂಬಿಸಿ, ಮುಚ್ಚಳ ಬಿಗಿದು, ಇದ್ದಲ್ಲೇ ತಂದಿಟ್ಟ. ಹುಳಿ ತೆಳುವಾದಷ್ಟೂ ಕಲ್ಲು ಉಳಿಯುತ್ತದೆ ಎಂಬುದು ಅವನ ಲೆಕ್ಕ. ಬಾಯಿ ಬಿಡುವ ಕೆಲಸವನ್ನು ನೀರಿಗೆ ಒಪ್ಪಿಸಿದ.

“ಬಚ್ಚಲು ಇವತ್ತೇನು ಇಷ್ಟು ಫಳಫಳ ಅಂತಿದೆ?” ಅಂದಳು ಹೆಂಡತಿ.

“ನಾನೇ ತೊಳೆದೆ.”

“ನೀವು?” ಅವಳು ಸೊಂಟದ ಮೇಲೆ ಕೈಯಿಟ್ಟಳು. “ಮದುವೆಯಾಗಿ ನಲವತ್ತು ವರ್ಷ. ಊರವರ ನೆಲ ಎಲ್ಲ ಉಜ್ಜಿದ್ರಿ, ಮನೆ ಬಚ್ಚಲಿಗೆ ಇವತ್ತು ಯೋಗ ಬಂತಾ?”

ಮುಂದಿನ ವಾರ ಆಯಾ ಬಂದವಳು ಹೊಸ್ತಿಲಲ್ಲೇ ನಿಂತು ದೂರಿದಳು. “ಅಕ್ಕ, ನಿಮ್ಮದು ಬರೀ ನೀರು. ವಾಸನೆನೂ ಇಲ್ಲ, ಕೊಳೆನೂ ಹೋಗಲ್ಲ. ಡಾಕ್ಟರಮ್ಮ ಮೂಗಿನ ಹತ್ರ ಹಿಡ್ಕೊಂಡು, ಇದಕ್ಕೆ ದುಡ್ಡು ಬೇರೆ ಕೊಡಬೇಕಾ ಅಂದ್ರು.”

ಸೊಸೆಗೆ ದಿಕ್ಕು ತೋಚಲಿಲ್ಲ. ಸಿಪ್ಪೆ ಒಣಗಿತ್ತೇ, ವಿನೆಗರು ಹಳೆಯದೇ, ಅಳತೆ ತಪ್ಪಿತೇ? ಜಾಡಿಗಳನ್ನು ಒಂದೊಂದಾಗಿ ಮೂಸಿದಳು. ಆಮೇಲೆ ಅವಳು ಮಾಡಿದ್ದು ಒಳ್ಳೆಯ ಅಡುಗೆಯವಳು ಮಾಡುವುದನ್ನೇ: ಸಪ್ಪೆ ಅಂದರೆ ಖಾರ ಹೆಚ್ಚಿಸುವುದು. ಮೂರು ವಾರ ನೆನೆದಿದ್ದ, ನಿಂಬೆ ಸಿಪ್ಪೆ ಜಾಸ್ತಿಯಿದ್ದ ಜಾಡಿಗಳನ್ನು ಆರಿಸಿ, ನೀರು ಬೆರೆಸದೆ ಸೋಸಿದಳು. ಈ ಸಲ ಕ್ಯಾನುಗಳನ್ನು ಬಾಗಿಲ ಬಳಿ ಇಡಲೂ ಇಲ್ಲ.

“ಹೋಗೋ ದಾರಿಲೇ ನಾನೇ ಕೊಟ್ಟು ಹೋಗ್ತೀನಿ. ಆಯಾಗೆ ಹೇಳ್ತೀನಿ, ಸುರಿದು ಹತ್ತು ನಿಮಿಷ ಬಿಟ್ಟು ಒರೆಸು ಅಂತ.”

“ಹತ್ತು ನಿಮಿಷವಾ?” ಮೇಸ್ತ್ರಿಯ ದನಿ ಒಡೆಯಿತು. “ಬೇಡ. ಅಷ್ಟು ಬೇಡ.”

“ಯಾಕೆ ಮಾವ? ಗ್ರಾನೈಟಿಗೆ ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ. ಇಡೀ ದಿನ ನೆನೆಸಿಟ್ಟು ನೋಡಿದೀವಿ.”

ಮೇಸ್ತ್ರಿ ಬಾಯಿ ತೆಗೆದ. ಮಗ ಬೂಟು ಹಾಕಿಕೊಳ್ಳುತ್ತ, “ಅಪ್ಪಾ, ಸ್ವಲ್ಪ ಜರುಗಿ. ಯಜಮಾನರು ಏಳೂವರೆಗೇ ಬಾ ಅಂದಿದಾರೆ,” ಅಂದ. ಮೇಸ್ತ್ರಿ ಜರುಗಿದ. ಸೊಸೆ ಎರಡೂ ಕೈಯಲ್ಲಿ ಕ್ಯಾನು ಹಿಡಿದು ಮೆಟ್ಟಿಲಿಳಿದಳು.

ಅವರಿಬ್ಬರೂ ಹೋದ ಮೇಲೆ ಹೆಂಡತಿ ಬ್ರೆಡ್ಡಿನ ತಟ್ಟೆ ತಂದು ಮೇಸ್ತ್ರಿಯ ಮುಂದೆ ಇಟ್ಟು, ಎದುರಿಗೆ ಕೂತಳು.

“ಈಗ ಹೇಳಿ.”

“ಏನು ಹೇಳಲಿ?”

“ಕ್ಯಾನಿಗೆ ನೀರು ಬೆರೆಸಿದ್ದು ಯಾಕೆ? ನಾನು ಮೂಗಿಲ್ಲದವಳಲ್ಲ. ಅವತ್ತು ಬಚ್ಚಲಲ್ಲಿ ಕಿತ್ತಳೆ ತೋಟವೇ ಇತ್ತು. ಅವಳು ಹುಚ್ಚಿ ಹಾಗೆ ಜಾಡಿ ಮೂಸ್ತಾ ಇದ್ರೆ, ನೀವು ಪಕ್ಕದಲ್ಲಿ ಕೂತು ಪೇಪರ್ ಓದಿದ್ರಿ. ತಲೆಕೆಳಗು ಹಿಡ್ಕೊಂಡು.”

ಮೇಸ್ತ್ರಿ ಹೇಳಿದ. ಹನ್ನೊಂದು ವರ್ಷದ ಮಾತಿಗೆ ಹಿಡಿದದ್ದು ನಾಲ್ಕು ನಿಮಿಷ. ಹೆಂಡತಿ ಕೇಳಿಸಿಕೊಳ್ಳುತ್ತ ಬ್ರೆಡ್ಡಿನ ಚೂರೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು.

“ಹೇಳಿಬಿಡಲಾ?” ಅಂದ ಮೇಸ್ತ್ರಿ.

“ಹೇಳಿ. ಹೇಳಿ ಮಗನ ಹೊಟ್ಟೆ ಮೇಲೆ ಹೊಡೀರಿ. ಆ ಏಳು ತಿಂಗಳು ಮರ್ತುಹೋಯ್ತಾ? ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದ ಅವನು.”

“ಹಾಗಾದ್ರೆ ಸುಮ್ನಿರಲಾ?”

“ಸುಮ್ನಿದ್ರೆ ಅವಳ ಗತಿ?”

“ಎರಡರಲ್ಲಿ ಒಂದು ಹೇಳೇ!”

“ಅದು ಗೊತ್ತಿದ್ರೆ ನಾನ್ಯಾಕೆ ಈ ಒಣ ಬ್ರೆಡ್ಡು ಅಗೀತಾ ಕೂತಿರ್ತಿದ್ದೆ?” ಅವಳು ಎದ್ದು ಹೋದಳು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಈಗ ಎರಡು ಗಂಟಲಲ್ಲಿತ್ತು.

ಕ್ಯಾನು ಕೊಟ್ಟ ಐದನೆಯ ದಿನ, ಗುರುವಾರ ಸಂಜೆ ನಾಲ್ಕು ಗಂಟೆಗೆ ಕ್ಲಿನಿಕ್ಕಿನಿಂದ ಫೋನು ಬಂತು. ಕ್ಯಾಂಟೀನಿನಿಂದ ಆಗಷ್ಟೇ ಬಂದಿದ್ದ ಸೊಸೆ ಚಪ್ಪಲಿ ಬಿಡದೆ ಹಾಗೇ ಹೋದಳು. ಬರುವಾಗ ಐದೂವರೆ. ಅವಳ ಕೈಯಲ್ಲಿ ಎರಡು ಕ್ಯಾನು ವಾಪಸು ಬಂದಿದ್ದವು.

“ನೆಲ ಬೂದಿ ಬಳಿದ ಹಾಗಾಗಿದೆ,” ಅಂದಳು. “ಬಾಗಿಲಿಂದ ಕುರ್ಚಿ ತನಕ ಪಟ್ಟೆ ಪಟ್ಟೆ. ಆಸಿಡ್ ಮಾರ್ತೀಯಾ, ಮೇಲೆ ಹಣ್ಣಿನ ಚೀಟಿ ಅಂಟಿಸ್ತೀಯಾ ಅಂದ್ರು. ಕೂತಿದ್ದ ಜನರ ಮುಂದೆ. ನೆಲ ಸರಿಮಾಡಿಸೋ ಖರ್ಚು ಶನಿವಾರದೊಳಗೆ ಒಪ್ಪಿಕೊಂಡು ಬರೆದುಕೊಡಬೇಕಂತೆ. ಇಲ್ಲದಿದ್ರೆ ಸ್ಟೇಷನ್.”

ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು, ಅರ್ಧ ಬಳಸಿದ ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು, “ನಮ್ಮಲ್ಲಿ ತೆವಳೋ ಮಗು ಇದೆಯಲ್ಲ, ಅದಕ್ಕೇ...” ಎಂದು ಮಾತು ಮುಗಿಸದೆ ಹೋದಳು. ಆರು ಗಂಟೆಯ ಹೊತ್ತಿಗೆ ಅಂಥ ನಾಲ್ಕು ಬಾಟಲಿಗಳು ಅಲ್ಲಿ ಸಾಲಾಗಿದ್ದವು.

ಮಗ ಬಂದವನು ಬಾಟಲಿಗಳನ್ನು ದಾಟಿ ಒಳಗೆ ಬಂದ. “ನಾನು ಮೊದಲೇ ಬಡ್ಕೊಂಡೆ. ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಕ್ಯಾಂಟೀನ್ ಕೆಲಸ ನೆಟ್ಟಗಿತ್ತು.”

“ನಿಮ್ಮಮ್ಮನ ಉಸಿರು ನೆಟ್ಟಗಿರಲಿಲ್ಲ, ಅದಕ್ಕೆ ಬಿಟ್ಕೊಂಡೆ.”

“ಒಂದು ಸಲ ಸರಿಯಾಗಿ ಪರೀಕ್ಷೆ ಮಾಡೋಕೆ ಆಗ್ಲಿಲ್ವಾ?”

“ಮಾಡಿದ್ದೆ!” ಸೊಸೆಯ ದನಿ ಮೊದಲ ಸಲ ಮೇಲೇರಿತು. ಮರುಕ್ಷಣ ಕುಸಿಯಿತು. “ಮಾಡಿದ್ದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ವಾಸನೆ ಇಲ್ಲ ಅಂದ್ರಲ್ಲ, ಆಗಲೇ ಏನೋ ಕೆಟ್ಟಿತ್ತು. ನನ್ನ ಕೈಯಲ್ಲೇ ಏನೋ ತಪ್ಪಾಗಿದೆ.”

ಅವಳು ಅಡುಗೆಮನೆಗೆ ಹೋಗಿ, ಒಂದು ಜಾಡಿ ಎತ್ತಿ ಸಿಂಕಿಗೆ ಬಗ್ಗಿಸಿದಳು. ಸಿಪ್ಪೆಗಳು ದೊಪ್ಪೆಂದು ಬಿದ್ದವು. ಎರಡನೆಯದನ್ನು ಎತ್ತಿದಳು. ಮೂರನೆಯದು. ಅತ್ತೆ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು.

ನಾಲ್ಕನೆಯ ಜಾಡಿಗೆ ಮೇಸ್ತ್ರಿ ಅವಳ ಕೈ ಹಿಡಿದ.

“ನಿಲ್ಸಮ್ಮ. ನಿನ್ನ ಕೈಯಲ್ಲಿ ತಪ್ಪಿಲ್ಲ. ಅದು ಗ್ರಾನೈಟಲ್ಲ.”

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಎಲ್ಲವನ್ನೂ ಹೇಳಿದ: ಕಂಟ್ರಾಕ್ಟರು, ಸುಣ್ಣಕಲ್ಲು, ಬಿಲ್ಲು. ನೀರು ಬೆರೆಸಿದ್ದನ್ನೂ ಹೇಳಿದ.

ಮೊದಲು ಬಾಯಿ ತೆಗೆದವನು ಮಗ. “ಹೇಳೋದಿದ್ರೆ ಮೊದಲ ದಿನ ಹೇಳಬೇಕಿತ್ತು. ಇಲ್ಲ ಅಂದ್ರೆ ಈಗಲೂ ಬಾಯಿ ಮುಚ್ಕೊಂಡಿರಬೇಕಿತ್ತು. ಇದೆಂಥ ನಡುನೀರಿನ ಬುದ್ಧಿ ಅಪ್ಪಾ ನಿಮ್ದು?”

“ಡಾಕ್ಟರಮ್ಮನ ಮುಂದೆ ಹೇಳ್ತೀರಾ?” ಅಂದಳು ಸೊಸೆ. ಅವಳು ಮಾವನನ್ನೇ ನೋಡುತ್ತಿದ್ದಳು.

“ಹೇಳೋ ಹಾಗಿಲ್ಲ,” ಅಂದ ಮಗ. “ವ್ಯಾನ್ ಯಾರದು ಗೊತ್ತಲ್ಲ? ಖರ್ಚು ನಾನು ಕಟ್ತೀನಿ. ಓವರ್‌ಟೈಮ್ ಮಾಡ್ತೀನಿ. ಒಪ್ಪಿಕೊಂಡು ಬರೆದುಕೊಟ್ಟು ಮುಗಿಸು.”

“ವ್ಯಾನ್ ಅವರದು, ಸರಿ. ಹೆಸರು ಯಾರದು? ಆಸಿಡ್ ಮಾರೋಳು ಅನ್ನಿಸ್ಕೊಂಡು ನಾನು ಈ ಬೀದಿಯಲ್ಲಿ ದಿನಾ ಓಡಾಡಬೇಕು.”

“ಹೆಸರು ಹುರಿದು ತಿನ್ನೋಕಾಗತ್ತಾ?”

“ಮೂರು ವರ್ಷದ ಹಿಂದೆ ಏಳು ತಿಂಗಳು ನೀವೆಲ್ಲ ತಿಂದಿದ್ದು ನನ್ನ ಕ್ಯಾಂಟೀನಿಂದು. ಆಗ ನಾನು ಹೀಗೆ ಕೇಳಿದ್ನಾ?”

ಮಗ ಕೀಲಿಗೊಂಚಲನ್ನು ಮೇಜಿನ ಮೇಲೆ ಎಸೆದು ಹೊರಗೆ ನಡೆದ. ಆ ಸಂಜೆ ಯಾರೂ ಒಲೆ ಹಚ್ಚಲಿಲ್ಲ. ಅತ್ತೆ ಬೆಳಗಿನ ಬ್ರೆಡ್ಡನ್ನೇ ನಾಲ್ಕು ಪಾಲು ಮಾಡಿದಳು. ಒಂದು ಪಾಲು ಹಾಗೇ ಉಳಿಯಿತು.

ಶುಕ್ರವಾರ ಸೊಸೆ ಕ್ಯಾಂಟೀನಿಗೆ ಹೋಗಿ ಬಂದಳು. ಮಾವನ ಹತ್ತಿರ ಒಂದು ಮಾತೂ ಆಡಲಿಲ್ಲ. ತಟ್ಟೆ ಇಟ್ಟಳು, ತಟ್ಟೆ ತೆಗೆದಳು. ಮೇಸ್ತ್ರಿ ಮಧ್ಯಾಹ್ನ ಎರಡು ಸಲ ಚಪ್ಪಲಿ ಹಾಕಿ ಎರಡು ಸಲ ಬಿಟ್ಟ. ಸಂಜೆ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದವಳು, ಕೇಳದೆಯೇ ಅಂದಳು: “ಹೊಸ ಅಂಗಿ ಇಸ್ತ್ರಿ ಮಾಡಿಟ್ಟಿದೀನಿ.”

“ಮಗ?”

“ಅವನಿಗೆ ಎರಡು ಕೈಯಿದೆ, ಎರಡು ಕಾಲಿದೆ. ಅವಳು ತಪ್ಪು ಮಾಡದೆ ತಪ್ಪು ಅಂತ ಬರೆದುಕೊಟ್ರೆ, ಆಮೇಲೆ ಈ ಮನೇಲಿ ಯಾರ ಮುಖ ಯಾರು ನೋಡೋದು? ನಿನ್ನೆಯಿಂದ ಅದನ್ನೇ ಯೋಚನೆ ಮಾಡಿದೆ.” ಅವಳು ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟಳು. “ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕು. ನೀವು ಕ್ಯಾನಿಗೆ ಬೆರೆಸಿದ್ರಿ, ಕುಡೀಲಿಲ್ಲ.”

ಶನಿವಾರ ಹತ್ತು ಗಂಟೆಗೆ ಮೇಸ್ತ್ರಿ, ಸೊಸೆ ಕ್ಲಿನಿಕ್ಕಿಗೆ ಹೋದರು. ಮೇಸ್ತ್ರಿಯ ಅಂಗಿಯ ಜೇಬಿನಲ್ಲಿ ಒಂದು ನಿಂಬೆಹಣ್ಣು, ಸಣ್ಣ ಚಾಕು, ಗ್ರಾನೈಟಿನ ಒಂದು ಚೂರು. ಕಾಯುವ ಕೋಣೆಯಲ್ಲಿ ಮೂವರಿದ್ದರು. ಒಬ್ಬನ ಕೆನ್ನೆ ಊದಿಕೊಂಡಿತ್ತು. ನೆಲ ಸೊಸೆ ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಮೇಸ್ತ್ರಿ ಅದನ್ನು ನೋಡಿ, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟ.

ಡಾಕ್ಟರಮ್ಮ ಕೈಗವಸು ತೆಗೆಯುತ್ತ ಬಂದರು. “ಒಪ್ಪಿಕೊಂಡು ಬರೆದುಕೊಡ್ತೀರಾ?”

“ಒಂದು ನಿಮಿಷ ಅಮ್ಮ,” ಎಂದು ಮೇಸ್ತ್ರಿ ಗೋಡೆ ಹಿಡಿದು, ಒಂದೊಂದೇ ಮಂಡಿ ಮಡಚಿ ನೆಲಕ್ಕೆ ಕೂತ. ಕುರ್ಚಿಯ ಕೆಳಗೆ ಯಾರೂ ಒರೆಸದ, ಇನ್ನೂ ಹೊಳೆಯುತ್ತಿದ್ದ ಕಲ್ಲು ಹುಡುಕಿ, ಅದರ ಪಕ್ಕ ತನ್ನ ಚೂರನ್ನು ಇಟ್ಟ. ನಿಂಬೆಹಣ್ಣು ಕೊಯ್ದು ಎರಡರ ಮೇಲೂ ಹಿಂಡಿದ.

ಚೂರಿನ ಮೇಲೆ ರಸ ರಸವಾಗಿಯೇ ಇತ್ತು. ನೆಲದ ಮೇಲಿನ ರಸ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿತು. ಕೆನ್ನೆ ಊದಿದವನು ಬಗ್ಗಿ ನೋಡಿದ. ಮೇಸ್ತ್ರಿ ಒರೆಸಿದಾಗ ಅಲ್ಲೊಂದು ಬೂದು ಮಚ್ಚೆ ಉಳಿಯಿತು.

“ಇದು ಗ್ರಾನೈಟು,” ಎಂದು ಚೂರು ತೋರಿಸಿದ. “ನಿಮ್ಮ ನೆಲ ಸುಣ್ಣಕಲ್ಲು. ನಿಂಬೆಹಣ್ಣು ಬಿದ್ರೂ ಹೀಗೇ ಆಗತ್ತೆ. ನನ್ನ ಸೊಸೆ ಗ್ರಾನೈಟಾ ಅಂತ ಕೇಳಿ ಕೊಟ್ಟಳು. ನೀವು ಬಿಲ್ಲು ನೋಡಿ ಹೌದು ಅಂದ್ರಿ. ಸುಣ್ಣಕಲ್ಲಿಗೆ ಬೇಡ ಅಂತ ಅವಳು ಚೀಟೀಲಿ ಬರೆದಿದಾಳೆ.”

“ಬಿಲ್ಲು ಸುಳ್ಳು ಅಂತೀರಾ? ನಿಮಗೆ ಹೇಗೆ ಗೊತ್ತು?”

“ಉಜ್ಜಿದವನು ನಾನೇ. ಅವತ್ತೇ ಗೊತ್ತಿತ್ತು.”

“ಹನ್ನೊಂದು ವರ್ಷದಿಂದ ಗೊತ್ತಿತ್ತು?”

“ಗೊತ್ತಿತ್ತು.”

“ನನ್ನ ಹತ್ರ ಕೂಲಿ ಬೇರೆ ಇಸ್ಕೊಂಡ್ರಿ. ಅವತ್ತು ಟೀ ಕುಡಿದು, ನೂರು ವರ್ಷ ಬರತ್ತೆ ಅಮ್ಮ ಅಂದಿದ್ರಿ.”

“ಅಂದಿದ್ದೆ.”

ಡಾಕ್ಟರಮ್ಮ ಬಗ್ಗಿ ಆ ಮಚ್ಚೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, “ನೀವು ಏನೂ ಬರೆದುಕೊಡೋದು ಬೇಡ,” ಅಂದರು. ಜನರ ಮುಂದೆ ಬೈದದ್ದಕ್ಕೆ ಏನೂ ಅನ್ನಲಿಲ್ಲ. ಸೊಸೆ ಕದಲಲಿಲ್ಲ.

“ಆಸಿಡ್ ಅಂದಿದ್ದು ಇಲ್ಲೇ, ಹೀಗೇ ನಾಲ್ಕು ಜನ ಕೂತಿದ್ದಾಗ,” ಅಂದಳು.

ಡಾಕ್ಟರಮ್ಮ ಕೈಗವಸನ್ನು ಮಡಚಿದರು, ಬಿಚ್ಚಿದರು. “ಅನ್ನಬಾರದಿತ್ತು,” ಅಂದರು ಕೊನೆಗೆ, ಎಲ್ಲರಿಗೂ ಕೇಳುವ ಹಾಗೆ. ಕಂಟ್ರಾಕ್ಟರನ ನಂಬರು ಕೇಳಿದರು. ಮೇಸ್ತ್ರಿ ಬಾಯಿಪಾಠವಾಗಿ ಹೇಳಿದ. ಏಳಲು ಆಗದೆ ಒದ್ದಾಡಿದಾಗ, ಎತ್ತಿದವನು ಕೆನ್ನೆ ಊದಿದವನು.

ದಾರಿಯಲ್ಲಿ ಸೊಸೆ ಎರಡು ಹೆಜ್ಜೆ ಮುಂದೆ ನಡೆದಳು. ತಿರುವಿನಲ್ಲಿ ನಿಂತು, ಮಾವ ಬರುವ ತನಕ ಕಾದಳು.

“ಗ್ರಾನೈಟ್ ತಾನೆ ಅಂತ ನಾನು ನಿಮ್ಮನ್ನ ಕೇಳಿದ್ದೆ, ಮಾವ.”

“ಕೇಳಿದ್ದೆ.”

“ಬೇರೆ ಯಾರು ಹೇಳಿದ್ರೂ ಇನ್ನೊಂದು ಸಲ ಪರೀಕ್ಷೆ ಮಾಡ್ತಿದ್ದೆ. ನೀವು ಹೂಂ ಅಂದ್ರಿ ಅಂತ ಮಾಡ್ಲಿಲ್ಲ.”

“ಹೂಂ ಅನ್ನಲಿಲ್ಲ ನಾನು. ಬಿಲ್ಲಲ್ಲಿ ಹಾಗೇ ಇದೆ ಅಂದೆ.”

ಸೊಸೆ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಮೇಸ್ತ್ರಿ ತಲೆ ತಗ್ಗಿಸಿದ. ಆಮೇಲೆ ಅವಳು ಮಾವನ ಮಂಡಿಯ ವೇಗಕ್ಕೆ ಸರಿಯಾಗಿ ನಿಧಾನ ನಡೆದಳು.

ಸೋಮವಾರ ಮಧ್ಯಾಹ್ನ ಕಂಟ್ರಾಕ್ಟರು ಕ್ಲಿನಿಕ್ಕಿಗೆ ಬಂದು ನೆಲ ಬದಲಿಸಿಕೊಡಲು ಒಪ್ಪಿದ. ಸಂಜೆ ಮಗನಿಂದ ವ್ಯಾನಿನ ಕೀಲಿ ವಾಪಸು ಪಡೆದ. ವಾಪಸು ಬಂದಿದ್ದ ನಾಲ್ಕು ಬಾಟಲಿಗಳಲ್ಲಿ ಎರಡನ್ನು ಅವರವರೇ ಬಂದು ತೆಗೆದುಕೊಂಡು ಹೋದರು. ಕ್ಲಿನಿಕ್ಕು ಮತ್ತೆ ಕೇಳಲಿಲ್ಲ. ಸೊಸೆ ಭಾನುವಾರದ ಡ್ಯೂಟಿ ಬಿಡಲಿಲ್ಲ.

ಹನ್ನೆರಡು ದಿನದ ಮೇಲೆ ಮಗನಿಗೆ ತರಕಾರಿ ಮಾರುಕಟ್ಟೆಯಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಮನೆ ಬಿಡುವ ಹೊತ್ತು ಬೆಳಗಿನ ಐದು. ಅವನಿಗೆ ಟೀ ಕಾಯಿಸುವ ಕೆಲಸವನ್ನು ಮೇಸ್ತ್ರಿ ತಾನೇ ತೆಗೆದುಕೊಂಡ. ಮೊದಲ ಮೂರು ದಿನ ಮಗ ಕುಡಿಯದೆ ಹೋದ. ನಾಲ್ಕನೆಯ ದಿನ ನಿಂತುಕೊಂಡೇ ಕುಡಿದು, ಸಕ್ಕರೆ ಸಾಲದು ಅಂದ.